ಅವ್ವ ಬೆಟ್ಟ ಹತ್ತಿದ ಸೋಮವಾರ

ನಮ್ಮ ಮನೆಯ ಬಾಗಿಲು ಊರಿನ ಕಡೆಗಿರಲಿಲ್ಲ, ಬೆಟ್ಟದ ಕಡೆಗಿತ್ತು. ಊರು ಅಂದರೆ ಮಳವಳ್ಳಿಯಿಂದ ಕರೆಂಟು ತಯಾರಾಗುವ ಬ್ಲಫ್‌ಗೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಒಂದು ಗಂಟೆ ನಡೆದರೆ ಸಿಗುವ ಮೂವತ್ತು ಮನೆ. ಆ ಮನೆಗಳೆಲ್ಲ ಒಂದಕ್ಕೊಂದು ಮುಖ ಮಾಡಿ ನಿಂತಿದ್ದರೆ ನಮ್ಮದು ಮಾತ್ರ ಎಲ್ಲಕ್ಕೂ ಬೆನ್ನು ಹಾಕಿ ಗವಿಮಲ್ಲಪ್ಪನ ಬೆಟ್ಟವನ್ನು ನೋಡಿಕೊಂಡು ಕೂತಿತ್ತು. ಬೆಳಿಗ್ಗೆ ಬಾಗಿಲು ತೆಗೆದರೆ ಆಕಾಶ ಕಾಣುತ್ತಿರಲಿಲ್ಲ, ಕಲ್ಲು ಕಾಣುತ್ತಿತ್ತು. ಆಕಾಶ ನೋಡಬೇಕಾದರೆ ಜಗಲಿಯಿಂದ ಇಳಿದು ಕತ್ತನ್ನು ಹಿಂದಕ್ಕೆ ಬಾಗಿಸಬೇಕಿತ್ತು. ಬೆಟ್ಟದ ತುದಿಯಲ್ಲಿ ಗುಡಿಯಿರಲಿಲ್ಲ, ಪೂಜಾರಿಯೂ ಇರಲಿಲ್ಲ. ಒಂದು ಕಲ್ಲಿನ ಬಸವ, ಅದರ ಮುಂದೆ ಬಂಡೆಯಲ್ಲೇ ಕೊರೆದ ದೀಪದ ಗುಂಡಿ, ಅಷ್ಟೆ. ಆ ದೀಪಕ್ಕೆ ಎಣ್ಣೆ ಒಯ್ಯುವುದು, ಹತ್ತಲು ಬಂದವರನ್ನು ಜೋಪಾನವಾಗಿ ಹತ್ತಿಸಿ ಇಳಿಸುವುದು ನಮ್ಮ ಮನೆಯ ಕೆಲಸವಾಗಿತ್ತು. ಯಾವ ಕಾಲದಿಂದ ಅಂತ ನನಗೆ ಗೊತ್ತಿಲ್ಲ, ಅಜ್ಜಿಗೂ ಗೊತ್ತಿರಲಿಲ್ಲ. ಜನ ನಮ್ಮನ್ನು ಬೆಟ್ಟದ ಮನೆಯವರು ಅಂತ ಕರೆಯುತ್ತಿದ್ದರು.

ಮನೆ ಉದ್ದಕ್ಕಿತ್ತು. ಮುಂದೆ ಜಗಲಿ, ಒಳಗೆ ಬಲಕ್ಕೆ ಎಮ್ಮೆ ಕಟ್ಟುವ ಜಾಗ, ಎಡಕ್ಕೆ ಒಳಕಲ್ಲು, ಅದರಾಚೆ ನಡುಮನೆ, ಕೊನೆಯಲ್ಲಿ ಅಡುಗೆಮನೆ. ಅಡುಗೆಮನೆಯಿಂದ ಬೆಟ್ಟ ಕಾಣುತ್ತಿರಲಿಲ್ಲ. ಅಲ್ಲಿದ್ದ ಒಂದೇ ಗವಾಕ್ಷಿ ಹಿತ್ತಲಿನ ನುಗ್ಗೆಮರದ ಕಡೆಗಿತ್ತು. ಅವ್ವ ಇದ್ದದ್ದು ಅಲ್ಲಿ. ಅಜ್ಜಿ ಇದ್ದದ್ದು ಜಗಲಿಯಲ್ಲಿ. ಅಪ್ಪ ವಾರದ ಆರು ದಿನ ಹೊಲದಲ್ಲಿ, ಸೋಮವಾರ ಬೆಟ್ಟದಲ್ಲಿ. ನನಗಿಂತ ಎಂಟು ವರ್ಷ ದೊಡ್ಡವನಾದ ಅಣ್ಣ ಮಾದೇವ ಎಲ್ಲ ಕಡೆ ಇರುತ್ತಿದ್ದ. ನಾನು, ನಂಜಿ, ಅವನ ಹಿಂದೆ ಇರುತ್ತಿದ್ದೆ. ಅವ್ವ ಮದುವೆಯಾಗಿ ಆ ಮನೆಗೆ ಬಂದು ಇಪ್ಪತ್ತು ವರ್ಷ ಮೀರಿದ್ದರೂ ಒಮ್ಮೆಯೂ ಬೆಟ್ಟ ಹತ್ತಿರಲಿಲ್ಲ. ಹತ್ತಿದವರು ಇಳಿದು ಬರುವ ಹೊತ್ತಿಗೆ ಬಿಸಿ ಮುದ್ದೆ, ಉಪ್ಸಾರು, ಮಜ್ಜಿಗೆ ತಯಾರಾಗಿರಬೇಕಿತ್ತು. ಮನೆಯ ಸೊಸೆ ಬೆಟ್ಟದ ಮೇಲಿದ್ದರೆ ಮುದ್ದೆ ತಿರುವುವವರು ಯಾರು?

ಕಾರ್ತಿಕದ ಸೋಮವಾರಗಳಲ್ಲಿ ಜನ ಹೆಚ್ಚು. ಯುದ್ಧ ನಡೆಯುತ್ತಿದ್ದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲು ಸುಟ್ಟುಕೊಂಡು ಓಡುತ್ತಿದ್ದವು, ಏರು ಬಂದಲ್ಲಿ ಜನವೇ ಇಳಿದು ತಳ್ಳಬೇಕಿತ್ತು. ಹಾಗೆ ತಳ್ಳಿಕೊಂಡು, ಮುಖಕ್ಕೆಲ್ಲ ಮಸಿ ಮಾಡಿಕೊಂಡು, ಮಂಡ್ಯ ಮದ್ದೂರಿನಿಂದೆಲ್ಲ ಭಾನುವಾರ ಸಂಜೆಗೇ ಬಂದು ನಮ್ಮ ಜಗಲಿಯಲ್ಲಿ ಮಲಗುತ್ತಿದ್ದರು. ಬೆಳಕು ಹರಿಯುತ್ತಿದ್ದಂತೆ ಅಜ್ಜಿ ಮೆಟ್ಟಿಲ ಮೇಲೆ ಕೂತು ಒಬ್ಬೊಬ್ಬರನ್ನೇ ನೋಡುತ್ತಿದ್ದಳು. ಹೆಂಗಸರು ಮುಡಿದ ಹೂವನ್ನು ತೆಗೆಸಿ ಒಂದು ಮೊರದಲ್ಲಿ ಇಟ್ಟುಕೊಳ್ಳುತ್ತಿದ್ದಳು, ಗಂಡಸರ ಬೀಡಿ ಬೆಂಕಿಪೊಟ್ಟಣ ಇನ್ನೊಂದರಲ್ಲಿ. ನಡುದಾರಿಯಲ್ಲಿ ಬಂಡೆಯ ಸೂರಿನಡಿ ಹೆಜ್ಜೇನು ಕಟ್ಟಿದ್ದವು. ಹೂವಿನ ವಾಸನೆಗೂ ಹೊಗೆಗೂ ಅವು ಎದ್ದರೆ ಆ ಕಡಿದಾದ ಜಾಗದಲ್ಲಿ ಓಡಲು ದಾರಿಯಿಲ್ಲ.

“ಮ್ಯಾಲೆ ಯಾರೂ ಕೂಗಂಗಿಲ್ಲ,” ಎಂದು ಅಜ್ಜಿ ಎಲ್ಲರಿಗೂ ಕೇಳುವಂತೆ ಕೂಗಿಯೇ ಹೇಳುತ್ತಿದ್ದಳು. “ಮಲ್ಲಪ್ಪ ಕಿವುಡ ಅಲ್ಲ. ಜೇನೂ ಕಿವುಡ ಅಲ್ಲ. ಕಲ್ಲು ಉರುಳಿಸಂಗಿಲ್ಲ, ಕೆಳಗೆ ನಿಮ್ಮಂಗೇ ಇನ್ನೊಬ್ರು ಬತ್ತಾ ಇರ್ತಾರೆ. ಉಸ್ಸಪ್ಪನ ಕಲ್ಲು ದಾಟುದ್ಮೇಲೆ ಉಚ್ಚೆಗಿಚ್ಚೆ ಅನ್ನಂಗಿಲ್ಲ, ಇಲ್ಲೇ ಮುಗುಸ್ಕಳಿ.”

ಉಸ್ಸಪ್ಪನ ಕಲ್ಲು ಅಂದರೆ ಕಾಲು ಭಾಗ ಹತ್ತಿದ ಮೇಲೆ ಎಲ್ಲರೂ ಉಸ್ಸಪ್ಪಾ ಅಂತ ಕೂರುತ್ತಿದ್ದ ಚಪ್ಪಟೆ ಬಂಡೆ. ಅಪ್ಪ ಮಾತಾಡುತ್ತಿದ್ದದ್ದು ಕಡಿಮೆ. ಅವನು ಜನರ ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದ. ಒಮ್ಮೆ ಮಂಡ್ಯದ ವರ್ತಕರೊಬ್ಬರು ಬೂಟು ಹಾಕಿಕೊಂಡೇ ಹೊರಟು ನಿಂತಿದ್ದು ನೆನಪಿದೆ.

“ಬೂಟು ಇಲ್ಲೇ ಬುಡಿ ಬುದ್ದಿ.”

“ಕಲ್ಲು ಚುಚ್ಚುತ್ತಲ್ಲಪ್ಪ?”

“ಚುಚ್ಚಲಿ. ಚುಚ್ಚುದ್ರೆ ಕಾಲು ಎಲ್ಲದೆ ಅಂತ ನಿಮ್ಗೆ ಗೊತ್ತಾಯ್ತದೆ.”

ಉಸ್ಸಪ್ಪನ ಕಲ್ಲಿನ ಮೇಲೆ ಜೇನುಬಂಡೆ, ಅದರ ಮೇಲೆ ಸರಪಳಿ ಬಂಡೆ, ಕೊನೆಗೆ ಬೋಳುಬಂಡೆ. ಸರಪಳಿ ಬಂಡೆ ಗೋಡೆಯ ಹಾಗೆ ಎದ್ದಿತ್ತು. ಅದರಲ್ಲಿ ಹೆಬ್ಬೆರಳು ಊರುವಷ್ಟು ಗುಳಿಗಳು, ಪಕ್ಕದಲ್ಲಿ ಕಬ್ಬಿಣದ ಗೂಟಗಳಿಗೆ ಬಿಗಿದ ಸರಪಳಿ. ಆ ಸರಪಳಿಯನ್ನು ಮಾಡಿಕೊಟ್ಟವರು ಮಳವಳ್ಳಿಯ ಇಬ್ರಾಹಿಂ ಸಾಬರು. ಪೇಟೆಯಲ್ಲಿ ಅವರ ರಿಪೇರಿ ಅಂಗಡಿ ಇತ್ತು. ಬಸ್ಸಿನ ಇಂಜಿನ್ನಿನಿಂದ ಗಾಡಿಯ ಕೀಲಿನವರೆಗೆ ಎಲ್ಲ ಸರಿ ಮಾಡುತ್ತಿದ್ದರು. ಕಾರ್ತಿಕಕ್ಕೆ ಮೊದಲು ವರ್ಷಕ್ಕೊಮ್ಮೆ ಸುತ್ತಿಗೆ ಹಿಡಿದು ಬಂದು, ನಮ್ಮ ಜಗಲಿಯಲ್ಲಿ ಚಪ್ಪಲಿ ಬಿಟ್ಟು, ಹತ್ತಿ, ಒಂದೊಂದು ಕೊಂಡಿಯನ್ನೂ ತಟ್ಟಿ ಸದ್ದು ಕೇಳುತ್ತಿದ್ದರು. ಬೆಟ್ಟದ ಮೇಲೆ ಅವರು ಅಪ್ಪನಿಗಿಂತ ಮೆತ್ತಗೆ ಮಾತಾಡುತ್ತಿದ್ದರು. ಇಳಿದು ಬಂದು ಅವ್ವ ಕೊಟ್ಟ ಮಜ್ಜಿಗೆ ಕುಡಿದು, “ಇನ್ನೊಂದು ವರ್ಷಕ್ಕೆ ಮೋಸ ಇಲ್ಲ ಸಿದ್ದಣ್ಣ,” ಅಂತ ಅಪ್ಪನಿಗೆ ಹೇಳುತ್ತಿದ್ದರು.

ಅಪ್ಪ ನನಗೂ ಅಣ್ಣನಿಗೂ ಒಟ್ಟಿಗೇ ಹತ್ತುವುದನ್ನು ಕಲಿಸಿದ. ಎರಡು ಕೈ ಎರಡು ಕಾಲಿನಲ್ಲಿ ಯಾವಾಗಲೂ ಮೂರು ಕಲ್ಲು ಕಚ್ಚಿರಬೇಕು, ಒಂದೇ ಒಂದು ಎದ್ದಿರಬೇಕು. ಇಳಿಯುವಾಗ ಮುಖ ಬಂಡೆಯ ಕಡೆಗೆ. ಎಣ್ಣೆ, ನೀರು, ಬುತ್ತಿ ಎಲ್ಲ ಬೆನ್ನಿಗೆ. ಕೈಯಲ್ಲಿ ಏನೂ ಇರಕೂಡದು. ಯಾರಾದರೂ ನಡುವೆ ಹೆದರಿ ಕಚ್ಚಿಕೊಂಡುಬಿಟ್ಟರೆ ಅವರನ್ನು ಸುತ್ತಿಹಾಕಿ ಹೋಗಬಾರದು, ಕೆಳಗೆ ನಿಂತು, ಸರಪಳಿ ಹಿಡಿದುಕೊಂಡೇ ಮಾತಾಡಿಸಬೇಕು. ಮಳೆ ಬಿದ್ದ ಮೂರು ದಿನ ಯಾರೂ ಹತ್ತಬಾರದು. ಬೋಳುಬಂಡೆಗೆ ಸರಪಳಿಯಿಲ್ಲ, ಹಾಗಾಗಿ ಮಂಜು ಕವಿದರೆ ತುದಿ ಎಷ್ಟೇ ಹತ್ತಿರವಿದ್ದರೂ ಅಲ್ಲೇ ದೀಪ ಹಚ್ಚಿ ತಿರುಗಬೇಕು. ಮುಂದೆ ಹೋಗುವವರು ನಿಲ್ಲು ಅಂದರೆ ಹಿಂದಿನವರು ನಿಲ್ಲಬೇಕು, ಅವರು ಎಂಥ ದೊಡ್ಡವರಾದರೂ ಸರಿ. ಅಣ್ಣ ಇದನ್ನೆಲ್ಲ ನನಗಿಂತ ಬೇಗ ಕಲಿತ, ನನಗಿಂತ ಚೆನ್ನಾಗಿ ಹತ್ತುತ್ತಿದ್ದ.

ಹತ್ತೊಂಬತ್ತಕ್ಕೆ ಅಣ್ಣನಿಗೆ ಬ್ಲಫ್‌ನ ವರ್ಕ್‌ಶಾಪಿನಲ್ಲಿ ಕೆಲಸ ಸಿಕ್ಕಿತು. ಇಬ್ರಾಹಿಂ ಸಾಬರ ಮಗ ಕರೀಮನೂ ಅಲ್ಲೇ ಇದ್ದ. ಶನಿವಾರ ಸಂಜೆ ಅಣ್ಣ ಖಾಕಿ ಚಡ್ಡಿ ಹಾಕಿಕೊಂಡು ಮನೆಗೆ ಬರುತ್ತಿದ್ದ, ಅವ್ವ ಅವನಿಗೆಂದು ಕೆನೆಮೊಸರು ಎತ್ತಿಡುತ್ತಿದ್ದಳು. ಕಾರ್ತಿಕಕ್ಕೆ ಇನ್ನೂ ಒಂದು ವಾರವಿದ್ದ ಒಂದು ಶನಿವಾರ ಅವನ ಜೊತೆ ಕರೀಮನೂ ಬಂದ. ಮಾರನೇ ದಿನ ಬೆಟ್ಟ ತೋರಿಸುತ್ತೇನೆ ಅಂತ ಅಣ್ಣ ಅವನಿಗೆ ಮಾತು ಕೊಟ್ಟಿದ್ದ. ಸರಪಳಿ ಮಾಡಿದವರ ಮಗ, ಸರಪಳಿಯನ್ನೇ ನೋಡಿರಲಿಲ್ಲ. ಹಿಂದಿನ ದಿನವಷ್ಟೇ ಜೋರು ಮಳೆ ಬಿದ್ದಿತ್ತು. ಊಟಕ್ಕೆ ಕೂತಾಗ ಅಪ್ಪ ತಟ್ಟೆಯಿಂದ ತಲೆಯೆತ್ತದೆ ಹೇಳಿದ.

“ನಾಳಿಕ್ಕೆ ಬ್ಯಾಡ ಕಣ್ಲಾ. ಪಾಚಿ ಕಟ್ಟಿರ್ತದೆ.”

“ಇವತ್ತೆಲ್ಲ ಬಿಸ್ಲು ಕಾದದಲ್ಲಪ್ಪ.”

“ಆ ಬಂಡೆಗೆ ಬಿಸ್ಲು ಬೀಳದು ಮದ್ಯಾನ್ನದ ಮ್ಯಾಲೆ. ಬ್ಯಾಡ ಅಂದ್ರೆ ಬ್ಯಾಡ.”

“ಇವ್ನಿಗೆ ಇನ್ನೊಂದಪ ರಜ ಸಿಕ್ಕಕ್ಕಿಲ್ಲ. ನಂಗೊತ್ತಿಲ್ವ ಬೆಟ್ಟ?”

ಮೊಸರು ಬಡಿಸುತ್ತಿದ್ದ ಅವ್ವ ಆಗ ಒಂದು ಮಾತಂದಳು. ಅದನ್ನು ನಾನು ಯಾರಿಗೂ ಹೇಳಿದವಳಲ್ಲ.

“ಓಗಿ ಬರ್ಲಿ ಬುಡಿ. ಅಪರೂಪಕ್ಕೆ ಬಂದೌನೆ. ನಾಕು ಜನ ಮೆಚ್ಚಂಗೆ ಬೆಟ್ಟ ಅತ್ತುತಾನೆ ನಿಮ್ಮ ಮಗ.”

ಅಪ್ಪ ಎದ್ದು ಕೈ ತೊಳೆಯಲು ಹೋದ. ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ.

ಮಾರನೇ ದಿನ ನಡುಹಗಲಿಗೆ ನಾನು ಒಳಕಲ್ಲಿನ ಹತ್ತಿರ ಕೂತು ಹುರಳಿ ಆರಿಸುತ್ತಿದ್ದೆ. ಕರೀಮ ಬಾಗಿಲಲ್ಲಿ ಬಂದು ನಿಂತ. ಮೊಣಕಾಲೆಲ್ಲ ತರಚಿ ರಕ್ತವಾಗಿತ್ತು. ಅವನು ಅಪ್ಪನಿಗೆ ಹೇಳಿದ್ದಿಷ್ಟು: ಹತ್ತುವಾಗ ಏನೂ ಆಗಲಿಲ್ಲ, ಇಳಿಯುವಾಗ ಸರಪಳಿ ಬಂಡೆಯ ನಡುವೆ ಕರೀಮನ ಕಾಲು ಬರಲಿಲ್ಲ. ಕಣ್ಣು ಮುಚ್ಚಿಕೊಂಡು ಬಂಡೆಗೆ ಅಂಟಿಬಿಟ್ಟ. ಮೇಲಿದ್ದ ಅಣ್ಣ ಸರಪಳಿ ಬಿಟ್ಟು, ಅವನನ್ನು ಸುತ್ತಿಹಾಕಿ ಹೊರಗಿನ ಪಕ್ಕದಿಂದ ಇಳಿದ. ಕೆಳಗೆ ಬಂದು ಅವನ ಪಾದ ಹಿಡಿದು ಗುಳಿಗೆ ಇಟ್ಟ. “ಇಲ್ಲಿ ಅದೆ ನೋಡು, ಕಾಲು ಊರು,” ಅಂದ. ಕರೀಮ ಊರಿದ. ಕಣ್ಣು ಬಿಟ್ಟು ಕೆಳಗೆ ನೋಡಿದಾಗ ಅಣ್ಣ ಇರಲಿಲ್ಲ.

ಸಂಜೆಯ ಹೊತ್ತಿಗೆ ಊರಿನ ಗಂಡಸರು ಅಣ್ಣನನ್ನು ಕಂಬಳಿಯಲ್ಲಿ ಹೊತ್ತು ತಂದು ಜಗಲಿಯ ಮೇಲೆ ಮಲಗಿಸಿದರು. ನಾನು ಮುಖ ನೋಡಲಿಲ್ಲ. ಅಪ್ಪನ ಹಾಗೆ ಕಾಲು ನೋಡಿದೆ. ಬಲಗಾಲಿನ ಹೆಬ್ಬೆರಳಿಗೆ ಹಸಿರು ಪಾಚಿ ಮೆತ್ತಿತ್ತು. ಅದನ್ನು ಒರೆಸಬೇಕು ಅನ್ನಿಸಿತು, ಬೇರೇನೂ ಅನ್ನಿಸಲಿಲ್ಲ. ಎಲ್ಲರೂ ಅಳುತ್ತಿದ್ದರು, ನಾನು ಆರಿಸಿದ ಹುರಳಿಯನ್ನು ಡಬ್ಬಕ್ಕೆ ತುಂಬಿ ಮುಚ್ಚಳ ಹಾಕಿದೆ. ಅವ್ವನೂ ಅಳಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಯಾರೋ ಕರೆದುಕೊಂಡು ಬಂದು ಕೂರಿಸಿದರು, ಕೂತಳು. ಏಳು ಅಂದಾಗ ಎದ್ದಳು.

ತಿಥಿ ಕಳೆದ ಮೇಲೆ ಇಬ್ರಾಹಿಂ ಸಾಬರು ಬಂದರು. ಯಾರ ಹತ್ತಿರವೂ ಮಾತಾಡದೆ ಸುತ್ತಿಗೆ ಹಿಡಿದು ಒಬ್ಬರೇ ಹತ್ತಿದರು. ಕೆಳಗೆ ಜಗಲಿಯಲ್ಲಿ ಕೂತ ನಮಗೆ ಕಬ್ಬಿಣ ತಟ್ಟುವ ಸದ್ದು ಒಂದೊಂದೇ ಕೇಳುತ್ತಿತ್ತು. ಇಳಿದು ಬಂದು ಅಪ್ಪನ ಮುಂದೆ ನೆಲದ ಮೇಲೆ ಕೂತರು.

“ಸರಪಳಿ ಸರಿಯಾಗೇ ಅದೆ ಸಿದ್ದಣ್ಣ. ಒಂದು ಕೊಂಡಿನೂ ಅಲ್ಲಾಡಿಲ್ಲ.”

ಅಪ್ಪ ತಲೆಯಾಡಿಸಿದ.

“ಸರಿ ಇಲ್ದಿದ್ರೆ ಚೆನ್ನಾಗಿತ್ತು,” ಅಂದರು ಸಾಬರು. “ನಂದೇ ತಪ್ಪು ಅಂತ ನಿಮ್ಮ ಕಾಲು ಇಡ್ಕೊಬೋದಿತ್ತು.”

ಅವ್ವ ಒಳಗಿನಿಂದ ಮಜ್ಜಿಗೆ ತಂದಿಟ್ಟಳು. ಅವರು ಕುಡಿದರು. ಕರೀಮ ಹೇಗಿದ್ದಾನೆ ಅಂತ ಯಾರೂ ಕೇಳಲಿಲ್ಲ.

ಆ ವರ್ಷ ಸೂತಕವೆಂದು ಊರಿನವರೇ ಯಾರೋ ಎಣ್ಣೆ ಒಯ್ದರು. ಆಮೇಲಿನ ದಿನಗಳ ಬಗ್ಗೆ ಬರೆಯಲು ಹೊರಟರೆ ನನ್ನ ಬಳಿ ಏನೂ ಇಲ್ಲ. ಎಮ್ಮೆ ಕರೆಯುತ್ತಿದ್ದೆವು, ರಾಗಿ ಬೀಸುತ್ತಿದ್ದೆವು, ಉಣ್ಣುತ್ತಿದ್ದೆವು. ಜಗಳಗಳು ನಿಂತುಹೋದವು. ಅದಕ್ಕೆ ಮುಂಚೆ ಅಜ್ಜಿಗೂ ಅವ್ವನಿಗೂ ಉಪ್ಪು ಹೆಚ್ಚಾಯಿತು, ಸೌದೆ ಹಸಿ ತಂದೆ, ಎಮ್ಮೆಗೆ ನೀರಿಡಲಿಲ್ಲ ಅಂತ ದಿನಕ್ಕೆ ಮೂರು ಸಲ ಕಿತ್ತಾಟವಾಗುತ್ತಿತ್ತು. ಈಗ ಸಾರಿಗೆ ಉಪ್ಪೇ ಇಲ್ಲದಿದ್ದರೂ ಅಜ್ಜಿ ಸುಮ್ಮನೆ ಉಂಡೇಳುತ್ತಿದ್ದಳು. ಅಪ್ಪ ಅವ್ವ ಒಂದೇ ಚಾಪೆಯ ಎರಡು ತುದಿಗೆ ಕೂತಿರುತ್ತಿದ್ದರು. ಅವ್ವ ಆವತ್ತು ಅಂದ ಮಾತನ್ನು ಅಪ್ಪ ಎತ್ತಲಿಲ್ಲ. ಎತ್ತಿ ಬೈದಿದ್ದರೆ ಒಳ್ಳೆಯದಿತ್ತೇನೋ ಅಂತ ಈಗ ಅನ್ನಿಸುತ್ತದೆ. ನನಗೆ ಆಗ ಹನ್ನೊಂದು. ಒಂದು ದಿನ ಒಲೆಯ ಮೇಲಿನ ಪಾತ್ರೆಯನ್ನು ಬಟ್ಟೆಯಿಲ್ಲದೆ ಹಿಡಿದು ಇಳಿಸಿದೆ. ಕೈ ಬೊಬ್ಬೆ ಬಂದದ್ದನ್ನು ಸಂಜೆ ನೋಡಿಕೊಂಡೆ.

ಮತ್ತೆ ಕಾರ್ತಿಕ ಬಂತು. ಊರಿನವರು ಬಂದು, ಈ ಸಲ ಎಣ್ಣೆ ನಿಮ್ಮ ಮನೆಯಿಂದಲೇ ಹೋಗಬೇಕು ಅಂದರು. ಮೊದಲ ಸೋಮವಾರ ಅಪ್ಪ ಹೊರಟ. ಜೇನುಬಂಡೆಯನ್ನೂ ಮುಟ್ಟದೆ ಉಸ್ಸಪ್ಪನ ಕಲ್ಲಿನಿಂದಲೇ ತಿರುಗಿ ಬಂದ. ಕಾಲು ನಡುಗುತ್ತದೆ ಅಂದ. ಎರಡನೇ ಸೋಮವಾರವೂ ಹಾಗೇ ಆಯಿತು, ಮೂರನೆಯದೂ. ಕೊನೆಯ ಸೋಮವಾರಕ್ಕೆ ಒಂದು ವಾರವಿದ್ದಾಗ ಅಜ್ಜಿ ನಡುಮನೆಯಲ್ಲಿ ಕೂತು, ನನ್ನನ್ನು ನೋಡಿ, “ನಂಜಿಗೆ ದಾರಿ ಗೊತ್ತದೆ,” ಅಂದಳು. ಅಪ್ಪ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅಡುಗೆಮನೆಯಿಂದ ದನಿ ಬಂತು.

“ಅವಳ್ಜೊತೆ ನಾನೂ ಓಯ್ತೀನಿ.”

ಅವ್ವ ತಾನಾಗಿ ಮಾತಾಡಿದ್ದು ಒಂದು ವರ್ಷದಲ್ಲಿ ಅದೇ ಮೊದಲು. ಎಲ್ಲರಿಗೂ ಒಂದು ಥರ ಸಮಾಧಾನವೇ ಆಯಿತು. ಆ ವಾರವಿಡೀ ಅವಳು ನನ್ನನ್ನು ಬಿಡದೆ ಅಡುಗೆ ಕಲಿಸಿದಳು. ಅಲ್ಲಿಯವರೆಗೆ ನನ್ನನ್ನು ಒಲೆಯ ಹತ್ತಿರ ಬಿಟ್ಟವಳಲ್ಲ. ಮುದ್ದೆಗೆ ಎಷ್ಟು ನೀರು, ಕೋಲನ್ನು ಹೇಗೆ ತಿರುವಬೇಕು, ಉಪ್ಸಾರಿಗೆ ಸೊಪ್ಪಿನ ಕಟ್ಟು ಬಸಿದು ಖಾರ ಅರೆಯುವುದು ಹೇಗೆ, ಅಜ್ಜಿಗೆ ಸಾರು ತೆಳ್ಳಗಿರಬೇಕು, ಅಪ್ಪನಿಗೆ ಖಾರ ಹೆಚ್ಚಿರಬೇಕು, ಚೊಚ್ಚಲ ಎಮ್ಮೆ ಒದೆಯುತ್ತದೆ, ಅದರ ಎಡಕ್ಕೆ ಕೂರಬೇಕು. ಶನಿವಾರ ರಾಗಿ ಮುದ್ದೆಯನ್ನು ನಾನೇ ಮಾಡಿದೆ. ಅಪ್ಪ ಉಂಡ, ಯಾರು ಮಾಡಿದ್ದು ಅಂತ ಅವನಿಗೆ ಗೊತ್ತಾಗಲಿಲ್ಲ. ಅವ್ವ ಅದನ್ನು ನೋಡಿ ತಲೆದೂಗಿದಳು.

ಸೋಮವಾರ ಬೆಳಗಾಗುವಾಗ ಹೊರಟೆವು. ಅಪ್ಪ ಸೋರೆಬುರುಡೆಗೆ ಹರಳೆಣ್ಣೆ ತುಂಬಿ ಅವ್ವನ ಬೆನ್ನಿಗೆ ಬಟ್ಟೆಯಲ್ಲಿ ಕಟ್ಟಿದ. ಬತ್ತಿ, ಬೆಂಕಿಪೊಟ್ಟಣವನ್ನೂ ಅದೇ ಗಂಟಿಗೆ ಸೇರಿಸಿದ.

“ನಂಜಿ ಮುಂದೆ, ನೀನು ಇಂದೆ. ಅವ್ಳು ನಿಲ್ಲು ಅಂದ್ರೆ ನಿಲ್ಬೇಕು.”

ಅವ್ವ ಹೂಂ ಅಂದಳು. ಸೀರೆಯನ್ನು ಕಚ್ಚೆ ಹಾಕಿ ಉಟ್ಟಿದ್ದಳು. ಹತ್ತುವಾಗ ಅವಳು ದಣಿಯಲಿಲ್ಲ. ನಾನು ಕೈ ಇಟ್ಟಲ್ಲಿ ಕೈ ಇಟ್ಟಳು, ಕಾಲು ಇಟ್ಟಲ್ಲಿ ಕಾಲು. ಜೇನುಬಂಡೆಯ ಕೆಳಗೆ ಉಸಿರೂ ಕೇಳದ ಹಾಗೆ ದಾಟಿದಳು. ಇಷ್ಟು ವರ್ಷ ಒಳಗೆ ಕೂತು, ಬಂದವರಿಗೆ ಅಜ್ಜಿ ಹೇಳುತ್ತಿದ್ದದ್ದನ್ನೆಲ್ಲ ಕೇಳಿಸಿಕೊಂಡಿದ್ದಳು ಅಂತ ಕಾಣುತ್ತದೆ. ಸರಪಳಿ ಬಂಡೆಯ ನಡುವೆ ನಾನು ಒಂದು ಗುಳಿಯನ್ನು ದಾಟುವಾಗ ಕೆಳಗಿನಿಂದ ಕೇಳಿದಳು.

“ಇಲ್ಲೇನಾ?”

“ಹೂಂ.”

ಅವಳು ಸರಪಳಿ ಹಿಡಿದು ಕೆಳಗೆ ನೋಡಿದಳು. ಕೆಳಗೆ ಲಂಟಾನದ ಪೊದೆ, ಅದರಾಚೆ ನಮ್ಮ ಮನೆಯ ಹೆಂಚು, ದೂರದಲ್ಲಿ ಬ್ಲಫ್‌ನಿಂದ ಹೊರಟ ಕರೆಂಟಿನ ಕಂಬಗಳು. “ಮನೆ ಎಷ್ಟು ಚಿಕ್ಕದು,” ಅಂದಳು. ಆಮೇಲೆ, “ನಡಿ,” ಅಂದಳು.

ಬೋಳುಬಂಡೆಯ ಬುಡಕ್ಕೆ ಬಂದಾಗ ಹೊಳೆಯ ಕಡೆಯಿಂದ ಮಂಜು ಎದ್ದಿತ್ತು. ಬಸವನ ಕಲ್ಲು ಐವತ್ತು ಹೆಜ್ಜೆ ದೂರ, ಒಮ್ಮೆ ಕಾಣುತ್ತಿತ್ತು, ಒಮ್ಮೆ ಇಲ್ಲ. ಬಂಡೆ ಮುಟ್ಟಿ ನೋಡಿದೆ. ಬೆವೆತ ಮೈಯ ಹಾಗೆ ಜಾರುತ್ತಿತ್ತು. ಎರಡೂ ಕಡೆ ಬರೀ ಬಿಳುಪು.

“ಎಣ್ಣೆ ಕೊಡವ್ವ. ಇಲ್ಲೇ ಅಚ್ಚಿ ಇಳಿಯವ.”

“ನೀನಿಲ್ಲೇ ಕುಂತಿರು. ನಾನೋಗಿ ಅಚ್ಬುಟ್ಟು ಬತ್ತೀನಿ.”

“ಮಂಜು ಬಂದದೆ. ಈಗ ಓಗಂಗಿಲ್ಲ.”

“ನಂಗೊತ್ತದೆ ಮಗಾ. ವತ್ತಾದ್ರೆ ನೀನು ಕಾಯ್ಬೇಡ, ಇಳ್ದೋಗು. ನಿಂಗೆ ದಾರಿ ಗೊತ್ತಲ್ಲ.”

ಅವಳು ಬೆನ್ನಿನ ಗಂಟು ಬಿಚ್ಚಿ ಬುರುಡೆಯನ್ನು ನನ್ನ ಪಕ್ಕ ಇಟ್ಟಳು. ಎಣ್ಣೆಯಿಲ್ಲದೆ ದೀಪ ಹೇಗೆ ಹಚ್ಚುತ್ತಾಳೆ ಅಂತ ಒಂದು ಗಳಿಗೆ ಯೋಚಿಸಿದೆ. ಆಮೇಲೆ ಆ ವಾರವಿಡೀ ಅವಳು ಕಲಿಸಿದ್ದೆಲ್ಲ ಯಾಕೆ ಅಂತ ತಿಳಿಯಿತು. ಭಯವಾಗಲಿಲ್ಲ. ಲೆಕ್ಕ ಬಿಡಿಸಿದಾಗ ಉತ್ತರ ಬಂದ ಹಾಗೆ ಬಂತು, ಅಷ್ಟೆ. ಅವಳನ್ನು ಹಿಡಿದು ನಿಲ್ಲಿಸುವ ಶಕ್ತಿ ನನಗಿರಲಿಲ್ಲ. ಹನ್ನೆರಡು ವರ್ಷದ ಹುಡುಗಿ. ಹೇಳಲು ನನ್ನಲ್ಲಿ ಏನಿತ್ತು?

“ನಂಗೆ ಉಪ್ಸಾರಿನ ಖಾರ ಅರಿಯಕ್ಕೆ ಬರಕ್ಕಿಲ್ಲ,” ಅಂದೆ.

ಅವ್ವ ತಿರುಗಿದಳು. “ನಾನು ಏಳ್ಕೊಟ್ಟಿವ್ನಲ್ಲ.”

“ಮರ್ತೋಯ್ತು. ಮುದ್ದೆನೂ ಬರಕ್ಕಿಲ್ಲ. ಗಂಟಾಯ್ತದೆ.”

“ಮೊನ್ನೆ ಸಂದಾಕ್ ಮಾಡಿದ್ಯಲ್ಲ.”

“ಎಂಗೋ ಆಯ್ತು. ಇನ್ನೊಂದಪ ಬರಕ್ಕಿಲ್ಲ.” ನನ್ನ ದನಿ ಏರಲಿಲ್ಲ, ಬೆಟ್ಟದ ಮೇಲೆ ಕೂಗಬಾರದಲ್ಲ. “ಅಪ್ಪ ಅಂದೌನೆ. ನಾನು ನಿಲ್ಲು ಅಂದ್ರೆ ನೀನು ನಿಲ್ಬೇಕು. ನಿಲ್ಲವ್ವ.”

ಅವಳ ಒಂದು ಕಾಲು ಬೋಳುಬಂಡೆಯ ಮೇಲಿತ್ತು. ಎಷ್ಟು ಹೊತ್ತು ಹಾಗಿದ್ದಳೋ ಹೇಳಲಾರೆ. ಮಂಜು ಬಂದು ಅವಳನ್ನು ಮುಚ್ಚಿತು, ಸರಿಯಿತು, ಮತ್ತೆ ಮುಚ್ಚಿತು. ನಾನು ಅಳಲಿಲ್ಲ. ಕೊನೆಗೆ ಆ ಕಾಲನ್ನು ಹಿಂದಕ್ಕೆ ತೆಗೆದುಕೊಂಡು ನನ್ನ ಪಕ್ಕ ಬಂದು ಕೂತಳು. ಇಬ್ಬರೂ ಸೇರಿ ಬಂಡೆಯ ಒಂದು ತಗ್ಗಿಗೆ ಎಣ್ಣೆ ಹುಯ್ದು ಬತ್ತಿ ಇಟ್ಟೆವು. ಗಾಳಿಗೆ ಮೂರು ಸಲ ಆರಿತು. ನಾಲ್ಕನೆಯದಕ್ಕೆ ನಿಂತಿತು. ಕೈ ಮುಗಿದೆವು.

ಇಳಿಯುವಾಗ ನಾನು ಕೆಳಗೆ, ಅವಳು ಮೇಲೆ. ಸರಪಳಿ ಬಂಡೆಯ ನಡುವೆ, ಅದೇ ಗುಳಿಯ ಹತ್ತಿರ, ಅವ್ವ ನಿಂತುಬಿಟ್ಟಳು. ಸರಪಳಿಯನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದಿದ್ದಳು.

“ಬೀಳ್ತೀನಿ ಕಣಮ್ಮಿ. ಆಗಕ್ಕಿಲ್ಲ. ಬಿದ್ದೋಯ್ತೀನಿ.”

ಸ್ವಲ್ಪ ಹೊತ್ತಿನ ಮುಂಚೆ ಬೀಳಲೆಂದೇ ಹೊರಟಿದ್ದವಳಿಗೆ ಈಗ ಬೀಳುವ ಭಯ ಹಿಡಿದಿತ್ತು. ಅವಳ ಪಾದ ನನ್ನ ತಲೆಗಿಂತ ಮೇಲಕ್ಕಿತ್ತು, ಗುಳಿ ಅದರಿಂದ ಗೇಣು ಕೆಳಗೆ. ಸುತ್ತಿಕೊಂಡು ಹೋಗಿ ಹಿಡಿಯಬೇಕು ಅಂತ ನನ್ನ ಕೈ ಸರಪಳಿಯಿಂದ ಅರ್ಧ ಎದ್ದಿತ್ತು. ಅಣ್ಣನಿಗೂ ಹೀಗೇ ಆಗಿರಬೇಕು. ಕೈಯನ್ನು ಮತ್ತೆ ಸರಪಳಿಯ ಮೇಲಿಟ್ಟೆ. ಮಾತಾಡಿಸಬೇಕು ಅಂದಿದ್ದ ಅಪ್ಪ. ಮಾತಾಡಲು ನಮ್ಮ ನಡುವೆ ಬೇರೆ ಮಾತೇ ಇರಲಿಲ್ಲ.

“ಅವ್ವ, ಖಾರಕ್ಕೆ ಮೊದ್ಲು ಏನಾಕ್ಬೇಕು?”

ಮತ್ತೆ ಕೇಳಿದೆ.

“ಮೆಣಸಿನಕಾಯಿ,” ಅಂದಳು.

“ಎಷ್ಟು?”

“ಎಂಟು. ಕೆಂಡದ ಮ್ಯಾಲೆ ಸುಡ್ಬೇಕು.”

“ಎಡಗಾಲು ವಸಿ ಕೆಳಿಕ್ಕೆ ಬುಡು. ಇನ್ನೂ ವಸಿ. ಸಿಕ್ತಾ? ಊರು. ಆಮೇಲೆ?”

“ಬೆಳ್ಳುಳ್ಳಿ. ಒಂದು ಗೆಡ್ಡೆ.”

“ಬಲಗೈ ಒಂದು ಕೊಂಡಿ ಕೆಳಿಕ್ಕೆ. ಸಿಪ್ಪೆ ತೆಗಿಬೇಕಾ?”

“ತೆಗಿಬೇಕು ಕಣಮ್ಮಿ, ಅದ್ನೂ ಕೇಳ್ತೀಯ? ಮೆಣಸು, ಜೀರಿಗೆ. ಉಣಿಸೆಹಣ್ಣು ಕೊನಿಗೆ.”

ಜೀರಿಗೆಗೆ ಒಂದು ಗುಳಿ, ಹುಣಿಸೆಗೆ ಒಂದು ಗುಳಿ, ಉಪ್ಪಿಗೆ ಒಂದು. ನುಣ್ಣಗೆ ಅರೆಯುವ ಹೊತ್ತಿಗೆ ನಾವು ಬಂಡೆಯ ಬುಡದಲ್ಲಿದ್ದೆವು. ಅವಳು ಅಲ್ಲೇ ಕುಸಿದು ಕೂತು, ಬಂಡೆಗೆ ಹಣೆ ಹಚ್ಚಿ, ಒಂದು ವರ್ಷದಿಂದ ಅಳದವಳು ಅತ್ತಳು. ಜೋರಾಗಿ ಅಳಲಿಲ್ಲ. ಕೆಳಗೆ ಜೇನು ಇದ್ದವು.

ಉಸ್ಸಪ್ಪನ ಕಲ್ಲಿಗೆ ಬಂದಾಗ ಅಲ್ಲಿ ಅಪ್ಪ ನಿಂತಿದ್ದ. ಅವ್ವನ ಮುಖ ನೋಡಲಿಲ್ಲ, ಕಾಲು ನೋಡಿದ. ಅಂಗಾಲು ಒಡೆದು ರಕ್ತ ಬಂದಿತ್ತು. ಮಂಡಿಯೂರಿ ಕೂತು ತನ್ನ ಟವೆಲಿನಿಂದ ಒರೆಸಿದ. ಅವಳು ಬಿಡಿಸಿಕೊಳ್ಳಲಿಲ್ಲ. ಕೆಳಗೆ ಜಗಲಿಯಲ್ಲಿ ಜನ ಕಾಯುತ್ತಿದ್ದರು.

“ದೀಪ ಅಚ್ಚುದ್ರಾ?” ಅಂದಳು ಅಜ್ಜಿ.

“ಮಂಜಿತ್ತು. ಬೋಳುಬಂಡೆ ಬುಡದಲ್ಲೇ ಅಚ್ಚಿ ತಿರುಗ್ಬುಟ್ವಿ,” ಅಂದೆ.

ಯಾರೋ ಒಬ್ಬರು ಲೊಚಗುಟ್ಟಿದರು. ಅಜ್ಜಿ ಅವರ ಕಡೆ ತಿರುಗಿ, “ಮಲ್ಲಪ್ಪ ಅಲ್ಲೀಗಂಟ ಇಳ್ದು ಬಂದು ನೋಡ್ಕತಾನೆ ಬುಡಿ,” ಅಂದಳು. ಅಲ್ಲಿಗೆ ಆ ಮಾತು ಮುಗಿಯಿತು. ಅವ್ವ ಒಳಗೆ ಹೋಗಿ ಒಲೆ ಹೊತ್ತಿಸಿದಳು.

ಬೋಳುಬಂಡೆಯ ಬುಡದಲ್ಲಿ ಆದದ್ದನ್ನು ನಾನು ಅಪ್ಪನಿಗೆ ಹೇಳಲಿಲ್ಲ, ಅಜ್ಜಿಗೂ ಹೇಳಲಿಲ್ಲ. ಅವ್ವನೂ ನಾನೂ ಅದರ ಬಗ್ಗೆ ಮಾತಾಡಿಕೊಳ್ಳಲಿಲ್ಲ. ಮನೆ ಒಮ್ಮೆಲೇ ಮೊದಲಿನ ಹಾಗೆ ಆಗಲಿಲ್ಲ. ಚಳಿಗಾಲದ ಕೊನೆಗೆ ಒಂದು ದಿನ ಅಜ್ಜಿ ಸೌದೆ ಹಸಿಯಿದೆ ಅಂದಳು, ಅವ್ವ ತಿರುಗಿಸಿ ಏನೋ ಅಂದಳು, ಇಬ್ಬರೂ ಕಿತ್ತಾಡಿದರು. ನಾನು ಒಳಕಲ್ಲಿನ ಹತ್ತಿರ ಕೂತು ಅದನ್ನು ಕೇಳಿಸಿಕೊಂಡೆ. ಮಾರನೇ ವರ್ಷ ಅಪ್ಪ ಹತ್ತಿದ. ಅವನ ಹಿಂದೆ ಕರೀಮ ಹತ್ತಿದ. ಸಾಬರಿಗೆ ಮಂಡಿ ನೋವು, ಸುತ್ತಿಗೆ ಈಗ ಅವನ ಕೈಗೆ ಬಂದಿತ್ತು. ಸರಪಳಿ ತಟ್ಟಿ ಇಳಿದು ಬಂದವನು ಜಗಲಿಯಲ್ಲೇ ನಿಂತಿದ್ದ. ಅವ್ವ ಒಳಗಿನಿಂದ, “ಅಲ್ಲ್ಯಾಕ್ ನಿಂತಿದ್ದೀಯಪ್ಪ, ಬಂದು ಉಣ್ಣು,” ಅಂದಳು. ಅವನು ಉಂಡ. ಅವ್ವ ಎರಡನೇ ಮುದ್ದೆ ಹಾಕಿದಳು, ಬೇಡ ಅಂದರೂ ಬಿಡಲಿಲ್ಲ.

ನಾನು ಓದಿದೆ, ಮದ್ದೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರಾದೆ, ಮದುವೆಯಾಯಿತು. ಒಳ್ಳೆಯ ಟೀಚರು, ಯಾವುದಕ್ಕೂ ಎದೆಗೆಡುವವಳಲ್ಲ ಅಂತ ಹೆಸರು ಬಂತು. ಎದೆಗೆಡುತ್ತಿರಲಿಲ್ಲ, ನಿಜ. ಅಪ್ಪ ತೀರಿಕೊಂಡಾಗಲೂ ಬಂದವರಿಗೆಲ್ಲ ಚಾಪೆ ಹಾಸಿದೆ, ಕಾಫಿ ಕೊಟ್ಟೆ. ಅಳು ಅಂದರೆ ಬೇರೆಯವರ ಮನೆಯ ಸಾಮಾನಿನ ಹಾಗಿತ್ತು.

ಚೊಚ್ಚಲ ಹೆರಿಗೆಗೆ ಬೆಟ್ಟದ ಮನೆಗೇ ಹೋದೆ. ಹೆಣ್ಣುಮಗು. ಮೂರನೇ ದಿನ ಅವ್ವ ನನ್ನನ್ನು ಬಚ್ಚಲಲ್ಲಿ ಕೂರಿಸಿ ಬಾಣಂತಿ ನೀರು ಎರೆಯುತ್ತಿದ್ದಳು. ತಂಬಿಗೆಯಲ್ಲಿ ನೀರು ಮೊಗೆದು ಮೊಗೆದು ಬೆನ್ನಿಗೆ ಎರಚುತ್ತಿದ್ದಳು. ನಡುವೆ ಕೈ ನಿಂತಿತು.

“ಅವತ್ತು ನೀನು ನಿಲ್ಲು ಅಂದೆ,” ಅಂದಳು. “ನಿಂತ್ಕಂಡೆ. ಒಳ್ಳೇದಾಯ್ತು.”

ನಾನು ತಿರುಗಲು ಹೋದೆ.

“ಅಲ್ಲಾಡ್ಬೇಡ. ತಲೆ ಬಗ್ಗುಸು,” ಅಂದಳು.

ಬಗ್ಗಿಸಿದೆ. ಅವಳು ಇಡೀ ತಂಬಿಗೆ ನೀರನ್ನು ನೆತ್ತಿಗೆ ಸುರಿದಳು. ಸುಡುಸುಡು ನೀರು. ಸುಡುತ್ತಿದೆ ಅಂತ ನನಗೆ ಗೊತ್ತಾಯಿತು, “ಅವ್ವಾ!” ಅಂತ ಕಿರುಚಿದೆ. ಅದು ಬಚ್ಚಲು, ಕೂಗಬಾರದು ಅನ್ನುವವರು ಅಲ್ಲಿ ಯಾರೂ ಇರಲಿಲ್ಲ. ಒಳಗೆ ಮಗು ಎದ್ದು ಅಳತೊಡಗಿತು. ನಾನೂ ಅಳುತ್ತಿದ್ದೆ. ಅವ್ವ ಇನ್ನೊಂದು ತಂಬಿಗೆ ಮೊಗೆದುಕೊಂಡಳು.